ಕಣ್ಣಿಗೆ ಎಲೆ, ಕಿವಿಗೆ ಮಿಡತೆ

ಮಳೆಕಾಡಿನ ರಾತ್ರಿ ಎಂದರೆ ಕಿವಿಗಡಚಿಕ್ಕುವ ಗದ್ದಲ ಎಂದೇ ಎಲ್ಲರ ಎಣಿಕೆ. ಪನಾಮಾ ಕಾಲುವೆಯ ದಾರಿಯಲ್ಲಿರುವ ಬಾರೊ ಕೊಲೊರಾಡೊ ದ್ವೀಪದ ಕಾಡಿನಲ್ಲೂ ಗದ್ದಲಕ್ಕೆ ಕೊರತೆಯಿಲ್ಲ. ಕಪ್ಪೆಗಳು ವಟಗುಟ್ಟುತ್ತವೆ, ಹುಳುಗಳು ಚಿರಗುಟ್ಟುತ್ತವೆ. ಆದರೆ ಮನಸ್ಸು ಮಾಡಿದರೆ ಇವರೆಲ್ಲರ ದನಿಯನ್ನೂ ಮೀರಿಸಬಲ್ಲ ಒಂದು ಕೀಟ ಮಾತ್ರ ಅಲ್ಲಿ ರಾತ್ರಿಯ ಬಹುಪಾಲು ರೆಕ್ಕೆ ಅಲುಗಿಸದೆ ಸುಮ್ಮನೆ ಕುಳಿತಿರುತ್ತದೆ. ಅದು ಎಲೆಮಿಡತೆ, ಕೀಟಶಾಸ್ತ್ರದ ಪುಸ್ತಕಗಳಲ್ಲಿ ಕೇಟಿಡಿಡ್. ಹಾಡಲು ಬಾರದೆ ಸುಮ್ಮನಿರುವುದಲ್ಲ. ಹಾಡಿದರೆ ತಲೆ ಉಳಿಯುವುದಿಲ್ಲ.

ಹುಲ್ಲುಗಾವಲಿನ ಸಾಮಾನ್ಯ ಮಿಡತೆಗೂ ಇದಕ್ಕೂ ನೆಂಟಸ್ತಿಕೆ ಇದ್ದರೂ ನೋಡಿದ ಕೂಡಲೇ ಬೇರೆ ಎಂದು ಹೇಳಬಹುದು. ಎಲೆಮಿಡತೆಯ ಮೀಸೆ ಮೈಗಿಂತ ಉದ್ದ, ಕೂದಲಷ್ಟು ತೆಳು. ಹೆಣ್ಣಿನ ಹಿಂಬದಿಯಲ್ಲಿ ಮೊಟ್ಟೆ ಇಡಲೆಂದು ಕತ್ತಿಯಾಕಾರದ ಅಂಗ ಇರುತ್ತದೆ. ಕಿವಿ ತಲೆಯಲ್ಲಿಲ್ಲ, ಮುಂಗಾಲಿನ ಮೊಣಕಾಲಿಗೆ ಸ್ವಲ್ಪ ಕೆಳಗಿದೆ. ಗಂಡು ಒಂದು ಮುಂರೆಕ್ಕೆಯ ಹಲ್ಲುಸಾಲನ್ನು ಇನ್ನೊಂದರ ಅಂಚಿಗೆ ಉಜ್ಜಿ ಸದ್ದು ಮಾಡುತ್ತದೆ. ಜಗತ್ತಿನಲ್ಲಿ ಇವುಗಳ 7,000ಕ್ಕೂ ಹೆಚ್ಚು ಪ್ರಭೇದಗಳು ದಾಖಲಾಗಿವೆ, ಹೆಚ್ಚಿನವು ಉಷ್ಣವಲಯದಲ್ಲಿವೆ. ಮೈ ದಪ್ಪ, ಮಾಂಸ ಹೇರಳ, ಬಹುತೇಕ ಪ್ರಭೇದಗಳಲ್ಲಿ ವಿಷದ ಲವಲೇಶವೂ ಇಲ್ಲ, ಹಾರಾಟವೋ ಅಷ್ಟಕ್ಕಷ್ಟೆ. ಹೀಗಾಗಿ ಹಕ್ಕಿ, ಕೋತಿ, ಹಲ್ಲಿ, ಜೇಡ, ಬಾವಲಿ ಎಲ್ಲರಿಗೂ ಇದು ಬೇಕು.

ಈ ಬೇಟೆಗಾರರು ಎರಡು ಪಾಳಿಯಲ್ಲಿ ಕೆಲಸ ಮಾಡುತ್ತಾರೆ. ಹಗಲು ಪಾಳಿಯವರದು ಕಣ್ಣಿನ ಬೇಟೆ, ರಾತ್ರಿ ಪಾಳಿಯವರದು ಹೆಚ್ಚಾಗಿ ಕಿವಿಯ ಬೇಟೆ. ಟಿವಿಯ ವನ್ಯಜೀವಿ ಕಾರ್ಯಕ್ರಮಗಳು ತೋರಿಸುವುದು ಮೊದಲನೆಯದನ್ನು ಮಾತ್ರ: ಎಲೆ ಎಂದುಕೊಂಡದ್ದು ಇದ್ದಕ್ಕಿದ್ದಂತೆ ನಡೆಯುತ್ತದೆ, ನಾವು ಬೆರಗಾಗುತ್ತೇವೆ, ಅಲ್ಲಿಗೆ ಕತೆ ಮುಗಿಯುತ್ತದೆ. ನನ್ನ ಮಟ್ಟಿಗೆ ಕತೆ ರೋಚಕವಾಗುವುದು ಕತ್ತಲಾದ ಮೇಲೆ. ಕೋತಿಯ ಕಣ್ಣಿಗೆ ಎಲೆಯಾಗಿ ಕಂಡ ಮಾತ್ರಕ್ಕೆ ಬಾವಲಿಯ ಕಿವಿಗೆ ಎಲೆಯಾಗುವುದಿಲ್ಲ. ಹಾಗೆಂದು ಹಗಲಿನ ಕಸುಬನ್ನು ತಳ್ಳಿಹಾಕುವಂತೆಯೂ ಇಲ್ಲ. ಅಷ್ಟು ನಾಜೂಕಿನ ಕೆಲಸ ಅದು.

ಪೆರುವಿನ ಈಶಾನ್ಯ ಮೂಲೆಯ ಅಮೆಜಾನ್ ಕಾಡಿನಲ್ಲಿ ಡೇವಿಡ್ ನಿಕಲ್ ಮತ್ತು ಜೇಮ್ಸ್ ಕ್ಯಾಸ್ಟ್ನರ್ ಎಂಬ ಕೀಟತಜ್ಞರು ಎಲೆಮಿಡತೆಗಳು ಹಗಲನ್ನು ಹೇಗೆ ಕಳೆಯುತ್ತವೆ ಎಂದು ಹುಡುಕಿ ನೋಡಿದರು. 1995ರಲ್ಲಿ ಪ್ರಕಟವಾದ ಅವರ ವರದಿ ಓದಿದರೆ ವೇಷಗಳ ದೊಡ್ಡ ಸಂತೆಯೇ ಬಿಚ್ಚಿಕೊಳ್ಳುತ್ತದೆ. ಹಸಿರೆಲೆ, ಒಣಗಿದ ಎಲೆ, ತೊಗಟೆ, ಕಡ್ಡಿ, ಕಲ್ಲುಹೂವು, ಕಣಜ. ಇದಾವುದೂ ಬೇಡವೆಂದು ಸುರುಳಿ ಸುತ್ತಿದ ಎಲೆಯೊಳಗೋ ಗಿಡದ ಸಂದಿಯಲ್ಲೋ ತೂರಿಕೊಂಡು ಬೆಳಕು ಹರಿಯುವುದರೊಳಗೆ ಕಣ್ಮರೆಯಾಗುವವೂ ಇವೆ.

ಎಲೆಯಂತೆ ಕಾಣಲು ಹಸಿರು ಬಣ್ಣವೊಂದೇ ಸಾಲದು. 1960ರ ದಶಕದಲ್ಲಿ ಬಾರೊ ಕೊಲೊರಾಡೊದಲ್ಲಿ ಮಿಡತೆಕುಲದ ಕೀಟಗಳ ರಕ್ಷಣಾ ವರ್ತನೆಯನ್ನು ಅಧ್ಯಯನ ಮಾಡಿದ ಮೈಕೆಲ್ ರಾಬಿನ್ಸನ್ ಅಲ್ಲಿನ ಪುಟ್ಟ ಕೋತಿಗಳಾದ ಟ್ಯಾಮರಿನ್‌ಗಳಿಗೆ ಕೀಟಗಳನ್ನು ಕೊಟ್ಟು ಅವು ಏನು ಮಾಡುತ್ತವೆ ಎಂದು ಗಮನಿಸಿದರು. ಬೇಟೆಗಾರನ ಕಣ್ಣು ಬಣ್ಣಕ್ಕಿಂತ ಹೆಚ್ಚಾಗಿ ಕುರುಹು ಹುಡುಕುತ್ತದೆ. ತಲೆ ಎಲ್ಲಿದೆ, ಕಾಲು ಎಲ್ಲಿದೆ, ಎಡಕ್ಕೂ ಬಲಕ್ಕೂ ಹೊಂದುವ ಆಕಾರ ಎಲ್ಲಿದೆ? ಕಡ್ಡಿಗೆ ಕಾಲಿರುವುದಿಲ್ಲ, ಎಲೆಗೆ ತಲೆಯಿರುವುದಿಲ್ಲ. ಆದ್ದರಿಂದ ವೇಷ ಹಾಕುವ ಕೀಟ ಮೊದಲು ಬಚ್ಚಿಡಬೇಕಾದದ್ದು ತನ್ನ ಕೀಟತನವನ್ನೇ. ಎಷ್ಟೋ ಪ್ರಭೇದಗಳು ಹಗಲಿಡೀ ಮುಂಗಾಲುಗಳನ್ನೂ ಮೀಸೆಯನ್ನೂ ಒಟ್ಟಿಗೆ ಸೇರಿಸಿ ಮುಂದಕ್ಕೆ ಚಾಚಿ ಕೊಂಬೆಗೆ ಅಂಟಿಸಿಕೊಂಡಿರುತ್ತವೆ. ನೋಡುವವರಿಗೆ ಅದು ಎಲೆಯ ತೊಟ್ಟು. ತೊಗಟೆಯ ವೇಷದವು ಮೈಯನ್ನು ಮರಕ್ಕೆ ಒತ್ತಿ ಚಪ್ಪಟೆಯಾಗುತ್ತವೆ. ಬಣ್ಣ ಎಷ್ಟೇ ಹೊಂದಿದರೂ ಮೈ ಎತ್ತರವಾಗಿದ್ದರೆ ನೆರಳು ಬೀಳುತ್ತದಲ್ಲ, ಆ ನೆರಳೇ ಗುಟ್ಟು ರಟ್ಟುಮಾಡುತ್ತದೆ. ನಮ್ಮ ದೇಶದ ಕಾಡುಗಳಲ್ಲಿರುವ ಸ್ಯಾತ್ರೊಫಿಲಿಯಾ ಎಂಬ ಎಲೆಮಿಡತೆಯದ್ದೂ ಇದೇ ಕಸುಬು. ಮರದ ಮೇಲೆ ಕಣ್ಣೆದುರೇ ಇದ್ದರೂ ತೊಗಟೆಯ ಗಂಟೆಂದೇ ದಾಟಿ ಹೋಗುತ್ತೇವೆ.

ಅಮೆರಿಕಾ ಖಂಡದ ಉಷ್ಣವಲಯದ ಟೈಪೊಫಿಲಮ್ ಗುಂಪಿನ ಎಲೆಮಿಡತೆಗಳು ಇನ್ನೂ ಒಂದು ಹೆಜ್ಜೆ ಮುಂದೆ. ಅವು ಅನುಕರಿಸುವುದು ಚೆಂದದ ಎಲೆಯನ್ನಲ್ಲ, ಹಾಳಾದ ಎಲೆಯನ್ನು. ರೆಕ್ಕೆಯಂಚಿನಲ್ಲಿ ಹುಳು ಕಚ್ಚಿದಂಥ ಕೊರಕಲು, ನಡುವೆ ಬೂಷ್ಟು ಹಿಡಿದಂಥ ಮಚ್ಚೆ, ಅಲ್ಲಲ್ಲಿ ತೂತೆಂದು ಭ್ರಮೆ ಹುಟ್ಟಿಸುವ ಪಾರದರ್ಶಕ ಚುಕ್ಕೆ, ಎಲ್ಲದರ ನಡುವೆ ಹಾದುಹೋಗುವ ನಡುನರ. ಕಾಡಿನಲ್ಲಿ ಏನೂ ಊನವಾಗದ ಎಲೆ ಅಪರೂಪ ಎಂಬುದು ಇವುಗಳ ಮೈಗೆ ಗೊತ್ತಿರುವಂತಿದೆ. ಅಷ್ಟೇ ಅಲ್ಲ, ಒಂದೇ ಪ್ರಭೇದದ ಎರಡು ಕೀಟಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಹಳದಿ, ಇನ್ನೊಂದು ಕಡುಗಂದು; ಒಂದರ ಕೊರಕಲು ಇನ್ನೊಂದರಲ್ಲಿಲ್ಲ. ಇದಕ್ಕೆ ಕಾರಣ ಬೇಟೆಗಾರನ ಬುದ್ಧಿಯಲ್ಲಿದೆ. ಒಂದು ಹಕ್ಕಿ ಅಕಸ್ಮಾತ್ ಒಂದು ಎಲೆಮಿಡತೆಯನ್ನು ಪತ್ತೆಹಚ್ಚಿ ತಿಂದರೆ ಅದರ ಚಹರೆ ನೆನಪಿಟ್ಟುಕೊಂಡು ಅಂಥದ್ದನ್ನೇ ಹುಡುಕತೊಡಗುತ್ತದೆ. ಎಲ್ಲವೂ ಒಂದೇ ಅಚ್ಚಿನವಾದರೆ ಒಬ್ಬನ ದುರದೃಷ್ಟ ಇಡೀ ಕುಲಕ್ಕೆ ತಟ್ಟುತ್ತದೆ. ಪ್ರತಿಯೊಂದೂ ಬೇರೆಯಾದರೆ ಹಕ್ಕಿ ಕಲಿತ ಪಾಠ ಮುಂದಿನ ಬೇಟೆಗೆ ಉಪಯೋಗಕ್ಕೆ ಬರುವುದಿಲ್ಲ.

ಮಧ್ಯ ಮತ್ತು ದಕ್ಷಿಣ ಅಮೆರಿಕಾದ ಮಾರ್ಕಿಯಾ ಹಿಸ್ಟ್ರಿಕ್ಸ್ ಎಂಬುದು ಕಲ್ಲುಹೂವಿನ ವೇಷಗಾರ. ನಾವು ಮಸಾಲೆಗೆ ಹಾಕುವ ಕಲ್ಲುಹೂವು ಚಕ್ಕೆಯ ಹಾಗಿದ್ದರೆ ಅಲ್ಲಿನದು ಗಡ್ಡದ ಹಾಗೆ ಕೊಂಬೆಯಿಂದ ಜೋತುಬೀಳುವ ಜಾತಿ, ನಸುಹಸಿರು ಬಿಳಿ. ಈ ಕೀಟದ ಮೈಯೂ ಅದೇ ಬಣ್ಣ, ಕಾಲುಗಳ ತುಂಬ ಅದೇ ಎಳೆಗಳಂಥ ಮುಳ್ಳು, ಎಳೆಗಳ ನಡುವಿನ ಕತ್ತಲನ್ನು ನೆನಪಿಸುವ ಕಪ್ಪು ಗೆರೆ. ತಾನು ಅಡಗಿದ ಕಲ್ಲುಹೂವನ್ನೇ ಅದು ತಿನ್ನುತ್ತದೆ ಕೂಡ.

ಅಡಗದೆಯೇ ಉಳಿಯುವ ದಾರಿಯೂ ಇದೆ. ಸ್ಕಫೂರಾ, ಅಗನಕ್ರಿಸ್ ಎಂಬ ದಕ್ಷಿಣ ಅಮೆರಿಕಾದ ಎಲೆಮಿಡತೆಗಳು ಹಾಡಹಗಲೇ ರಾಜಾರೋಷವಾಗಿ ಓಡಾಡುತ್ತವೆ. ಅವುಗಳ ಮೈಮಾಟ, ಬಣ್ಣ, ನಡಿಗೆ ಎಲ್ಲ ಕುಟುಕುವ ಕಣಜದ್ದು. ದೊಡ್ಡ ಜೇಡಗಳನ್ನೇ ಕುಟುಕಿ ಕೆಡವುವ ಕಣಜಗಳನ್ನು ಹೋಲುವವೂ ಇವೆ. ಅಂಥ ಕಣಜದ ಕುಟುಕಿನ ರುಚಿ ಕಂಡ ಹಕ್ಕಿ ಮತ್ತೆ ಆ ರೂಪದ ಹತ್ತಿರ ಸುಳಿಯುವುದಿಲ್ಲ.

ಇರುವೆಯ ವೇಷದ ಪ್ರಸಂಗವೊಂದು ಕೀಟಶಾಸ್ತ್ರದ ಇತಿಹಾಸದಲ್ಲಿದೆ. ವಿಯೆನ್ನಾದಲ್ಲಿ ಕೆಲಸ ಮಾಡುತ್ತಿದ್ದ ಬ್ರುನ್ನರ್ ಫಾನ್ ವಾಟೆನ್‌ವಿಲ್ ತಮ್ಮ ಕಾಲದ ಮಿಡತೆ ಪಂಡಿತರಲ್ಲಿ ಅಗ್ರಗಣ್ಯರು. ಸುಡಾನಿನಿಂದ ಬಂದ ಪುಟ್ಟ ಕಪ್ಪು ಕೀಟವೊಂದನ್ನು 1883ರಲ್ಲಿ ಅವರು ಹೊಸ ಕುಲವೆಂದು ವರ್ಣಿಸಿ ಮಿರ್ಮೆಕೊಫಾನಾ ಫ್ಯಾಲಾಕ್ಸ್ ಎಂದು ಹೆಸರಿಟ್ಟರು. ಥೇಟು ಇರುವೆ! ಮಿಡತೆಯ ದಪ್ಪ ಹೊಟ್ಟೆಗೆ ಇರುವೆಯ ಸಣ್ಣ ಸೊಂಟ ಬರುವುದು ಸಾಧ್ಯವಿಲ್ಲ ತಾನೆ? ಅದಕ್ಕೂ ಉಪಾಯವಿತ್ತು. ಸೊಂಟದ ಎರಡೂ ಬದಿಗೆ ಬಿಳಿ ಪಟ್ಟೆ. ಬಿಳಿ ಭಾಗ ಹಿನ್ನೆಲೆಯಲ್ಲಿ ಕರಗಿಹೋಗಿ ಉಳಿದ ಕಪ್ಪು ಭಾಗ ಮಾತ್ರ ಕಣ್ಣಿಗೆ ಬಿದ್ದು ಸೊಂಟ ಸಣ್ಣದೆನಿಸುತ್ತದೆ. ಅದು ಹೊಸ ಕುಲವೇನೂ ಅಲ್ಲ, ಯೂರಿಕೊರಿಫಾ ಎಂಬ ಹಸಿರು ಎಲೆಮಿಡತೆಯ ಮರಿ ಎಂದು ಆಮೇಲೆ ತಿಳಿಯಿತು. ಮರಿಯಾಗಿದ್ದಾಗ ಇರುವೆ, ಬೆಳೆದ ಮೇಲೆ ಎಲೆ. ಗಾತ್ರ ಇರುವೆಯನ್ನು ಮೀರಿದ ಮೇಲೆ ಆ ವೇಷ ಯಾರನ್ನೂ ನಂಬಿಸುವುದಿಲ್ಲ, ಪೊರೆ ಕಳಚುವಾಗ ಅದನ್ನೂ ಕಳಚಿಹಾಕುತ್ತದೆ. ಆಗ್ನೇಯ ಏಷ್ಯಾದ ಮ್ಯಾಕ್ರೊಕ್ಸಿಫಸ್ ಮರಿಗಳದ್ದೂ ಇದೇ ಹಾದಿ.

ವೇಷ ಬಯಲಾದರೆ? ಆಗ ಎರಡನೆಯ ಸುತ್ತಿನ ಉಪಾಯಗಳು ಹೊರಬರುತ್ತವೆ. ಹಿಂಗಾಲಿನ ಒದೆತ ಎಲ್ಲಕ್ಕೂ ಸಾಮಾನ್ಯ. ಹಿಡಿದವನ ಕೈಯಲ್ಲಿ ಕಾಲನ್ನೇ ಕಳಚಿಟ್ಟು ಪರಾರಿಯಾಗುವುದೂ ಸಾಮಾನ್ಯ. ಕೊಲಂಬಿಯಾ ಮತ್ತು ಎಕ್ವಡಾರ್‌ನ ಪ್ಯಾನಕ್ಯಾಂಥಸ್‌ಗೆ ತಲೆಯಿಂದ ಕಾಲಿನವರೆಗೆ ಮುಳ್ಳೇ ಮುಳ್ಳು. ಅಮೆಜಾನ್ ಸೀಮೆಯ ಟೆರೊಕ್ರೋಜಾ ಒಸೆಲಾಟಾ ಮುಟ್ಟುವವರೆಗೂ ಒಣಗಿದ ಎಲೆ. ಮುಟ್ಟಿದರೆ ರೆಕ್ಕೆಗಳನ್ನು ಮೇಲಕ್ಕೆತ್ತಿ ಹರಡುತ್ತದೆ, ಹಿಂರೆಕ್ಕೆಗಳಲ್ಲಿ ಎರಡು ದೊಡ್ಡ ಕಣ್ಣು ತೆರೆದುಕೊಳ್ಳುತ್ತವೆ. ಅಷ್ಟು ಸಾಲದೆಂದು ಆ ಕಣ್ಣುಗಳನ್ನು ಹೊತ್ತು ಕುಪ್ಪಳಿಸುತ್ತದೆ. ನಿಜವಾದ ಶಕ್ತಿ ಇದರಲ್ಲಿ ಏನೇನೂ ಇಲ್ಲ, ಹಕ್ಕಿ ಒಂದು ಕ್ಷಣ ಹಿಂಜರಿದರೆ ಸಾಕು, ಆ ಕ್ಷಣದಲ್ಲೇ ತಪ್ಪಿಸಿಕೊಳ್ಳುವುದು.

ಎಲೆಮಿಡತೆಗಳಲ್ಲಿ ರಾಸಾಯನಿಕ ಅಸ್ತ್ರ ಅಪರೂಪ ಎಂದೆ. ಆ ಅಪರೂಪಕ್ಕೆ ಉದಾಹರಣೆ ಅಮೆಜಾನಿನ ವೆಸ್ಟ್ರಿಯಾ. ಉಳಿದವು ಮರೆಗೆ ಸರಿಯುವ ಕಾಡಿನಲ್ಲಿ ಇದು ಎದ್ದು ಕಾಣುವ ಬಣ್ಣ ಬಳಿದುಕೊಂಡಿದೆ. ಕೆಣಕಿದರೆ ಹೊಟ್ಟೆಯ ಬೆನ್ನುಭಾಗದ ಗ್ರಂಥಿಯನ್ನು ಹೊರಚಾಚಿ ಕಟುವಾದ ವಾಸನೆ ಬಿಡುತ್ತದೆ. ನಿಕಲ್, ಕ್ಯಾಸ್ಟ್ನರ್ ಜೊತೆಗೆ ರಾಸಾಯನಿಕ ಪರಿಸರವಿಜ್ಞಾನದ ಮೂಲಪುರುಷರೆನಿಸಿದ ಥಾಮಸ್ ಐಸ್ನರ್ ಮತ್ತು ಜೆರಾಲ್ಡ್ ಮೈನ್‌ವಾಲ್ಡ್ ಕೂಡ ಸೇರಿ ಅದನ್ನು ವಿಶ್ಲೇಷಿಸಿದಾಗ ಸಿಕ್ಕಿದ್ದು ಪೈರಜಿನ್ ಎಂಬ ವರ್ಗದ ಸಂಯುಕ್ತಗಳು. 1996ರಲ್ಲಿ ಇದು ಪ್ರಕಟವಾಯಿತು. ಢಾಳಾದ ಬಣ್ಣ ಏಕೆಂಬುದು ಆಗ ಅರ್ಥವಾಗುತ್ತದೆ. ಕೆಟ್ಟ ರುಚಿಯಿದ್ದವರು ಅಡಗಿದರೆ ಪ್ರಯೋಜನವಿಲ್ಲ, ತಿನ್ನುವ ಮೊದಲೇ ಎದುರಾಳಿಗೆ ಗೊತ್ತಾಗಬೇಕು.

ಆಫ್ರಿಕಾದ ದಕ್ಷಿಣ ಭಾಗದಲ್ಲಿ ಅಕ್ಯಾಂತೊಪ್ಲಸ್ ಎಂಬ ಹಾರಲಾರದ, ಕವಚ ತೊಟ್ಟ, ಡೊಳ್ಳುಹೊಟ್ಟೆಯ ಎಲೆಮಿಡತೆಯಿದೆ. ಕಾಡಿಗಿಂತ ಬಯಲು, ಜೋಳದ ಹೊಲ ಇದಕ್ಕೆ ಪ್ರೀತಿ. ಹಿಡಿದರೆ ಗಂಡು ಕಿರುಚುತ್ತದೆ, ಕಚ್ಚುತ್ತದೆ, ತಿಂದದ್ದನ್ನು ಕಕ್ಕುತ್ತದೆ. ಇಷ್ಟರಿಂದಲೂ ಆಗದಿದ್ದರೆ ಕಾಲಿನ ಬುಡದ ಸಂದಿಗಳಿಂದ ತನ್ನ ರಕ್ತವನ್ನೇ ಚಿಮ್ಮಿಸುತ್ತದೆ. ಎದುರಾಳಿಗೆ ಅಸಹ್ಯವಾಗಬೇಕು, ಬಿಡಬೇಕು. ಆದರೆ ಈ ಕೀಟಗಳಿಗೆ ಸ್ವಕುಲವನ್ನೇ ತಿನ್ನುವ ಚಟ. ಮೈಗೆ ರಕ್ತ ಬಳಿದುಕೊಂಡವನ ವಾಸನೆ ಹಿಡಿದು ಅಕ್ಕಪಕ್ಕದ ಬಂಧುಗಳೇ ಬರಬಹುದು. ಅದಕ್ಕೇ ಅಪಾಯ ದಾಟಿದ ಮೇಲೆ ಮೈಯನ್ನು ಚೊಕ್ಕಟ ಮಾಡಿಕೊಳ್ಳುವ ಕೆಲಸಕ್ಕೆ ಅದು ಕೂರುತ್ತದೆ. ರಕ್ಷಣೆಯ ಖರ್ಚು ಎಂದರೆ ಇದು. ಒಬ್ಬ ಶತ್ರುವಿನಿಂದ ಪಾರಾಗುವ ಉಪಾಯ ಇನ್ನೊಬ್ಬನಿಗೆ ವಿಳಾಸ ಕೊಡುತ್ತದೆ.

ಎಲೆಮಿಡತೆಯ ಹಾಡಿನದ್ದೂ ಇದೇ ಪಾಡು. ಚೀನಾದಲ್ಲಿ ಸಿಕ್ಕ, ಸುಮಾರು 16.5 ಕೋಟಿ ವರ್ಷ ಹಿಂದಿನ ಆರ್ಕಬಾಯ್ಲಸ್ ಮ್ಯೂಸಿಕಸ್ ಎಂಬ ಪಳೆಯುಳಿಕೆಯ ರೆಕ್ಕೆಯಲ್ಲಿ ಹಾಡುವ ಹಲ್ಲುಸಾಲು ಅಚ್ಚಳಿಯದೆ ಉಳಿದಿತ್ತು. ಅದನ್ನು ಅಳೆದ ವಿಜ್ಞಾನಿಗಳು 2012ರಲ್ಲಿ ಆ ಕೀಟದ ಶ್ರುತಿಯನ್ನೂ ಲೆಕ್ಕಹಾಕಿದರು: ಸುಮಾರು 6.4 ಕಿಲೋಹರ್ಟ್ಸ್. ಡೈನೊಸಾರ್‌ಗಳ ಕಾಲದಲ್ಲಿ ಈ ಕುಲದ ಪೂರ್ವಜರು ಮರೆಯಲ್ಲಿ ಕುಳಿತು ಹಾಡುತ್ತಿದ್ದರು ಎಂದಾಯಿತು. ಬಾವಲಿಗಳ ಅತಿ ಹಳೆಯ ಪಳೆಯುಳಿಕೆಗಳಿಗೆ ಐದು ಕೋಟಿ ವರ್ಷದ ಆಸುಪಾಸಿನ ವಯಸ್ಸು. ಅಂದರೆ ಹಾಡು ಮೊದಲು ಬಂತು, ಹಾಡನ್ನು ಕದ್ದು ಕೇಳಿ ಹಾಡುಗಾರನನ್ನು ತಿನ್ನುವ ಬಾವಲಿ ಬಹಳ ತಡವಾಗಿ ಬಂತು.

ಬಾವಲಿಗಳೆಲ್ಲ ಹಾರುವ ಹುಳುಗಳನ್ನು ಗಾಳಿಯಲ್ಲೇ ಹಿಡಿಯುವವಲ್ಲ. ಕೆಲವು ಎಲೆಯ ಮೇಲೆ ಕೂತದ್ದನ್ನು ಹೆಕ್ಕಿಕೊಂಡು ಹೋಗುತ್ತವೆ. ಬಾರೊ ಕೊಲೊರಾಡೊದ ಲೊಫೊಸ್ಟೊಮಾ ಸಿಲ್ವಿಕೋಲಮ್ ಅಂಥದ್ದು. ಗೆದ್ದಲು ವಾಸವಾಗಿರುವ ಮರದ ಗೂಡನ್ನೇ ಕೊರೆದು ಅದರೊಳಗೆ ಮನೆ ಮಾಡಿಕೊಳ್ಳುವ ವಿಚಿತ್ರ ಪ್ರಾಣಿ. ಕಪ್ಪೆ ತಿನ್ನುವುದಕ್ಕೆ ಹೆಸರಾದ ಟ್ರೇಕಾಪ್ಸ್ ಬಾವಲಿಯೂ ಎಲೆಮಿಡತೆಯನ್ನು ಬಿಡುವುದಿಲ್ಲ. ಜಾಕ್ವೆಲಿನ್ ಬೆಲ್‌ವುಡ್ ಮತ್ತು ಗ್ಲೆನ್ ಮಾರಿಸ್ ಆ ದ್ವೀಪದಲ್ಲಿ ಹಾಡುವ ಗಂಡುಗಳನ್ನು ಪಂಜರದಲ್ಲಿಟ್ಟು ಬಳಿಯಲ್ಲೇ ತೆಳುಬಲೆ ಕಟ್ಟಿದರು. ಹಾಡಿನ ಜಾಡು ಹಿಡಿದು ಬಂದ ಬಾವಲಿಗಳು ಬಲೆಗೆ ಬಿದ್ದವು. 1987ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅವರ ಲೇಖನದ ಇನ್ನೊಂದು ಭಾಗ ಇನ್ನೂ ಮುಖ್ಯ. ಹೆಕ್ಕುವ ಬಾವಲಿಗಳು ಅಷ್ಟಾಗಿ ಬಾರದ ಬಯಲಿನಲ್ಲಿ, ಹುಲ್ಲಿನ ನಡುವೆ ಇರುವ ಎಲೆಮಿಡತೆಗಳು ಎಡೆಬಿಡದೆ ಹಾಡುತ್ತವೆ. ದಟ್ಟ ಕಾಡಿನೊಳಗಿನವು ಒಂದು ಚುಟುಕು ಸದ್ದು ಹೊರಡಿಸಿ ಬಹಳ ಹೊತ್ತು ಸುಮ್ಮನಿರುತ್ತವೆ.

ಹಾಗಾದರೆ ಹೆಣ್ಣಿಗೆ ಗಂಡು ಸಿಗುವುದು ಹೇಗೆ? ಕಾಡಿನ ಗಂಡುಗಳು ಮಾಡುವುದು ಇದು: ಕುಳಿತ ಕೊಂಬೆಯನ್ನು ಬಿಗಿಯಾಗಿ ಹಿಡಿದು ಮೈ ಅದುರಿಸುತ್ತವೆ. ಆ ನಡುಕ ಕೊಂಬೆಯಿಂದ ತೊಟ್ಟಿಗೆ, ತೊಟ್ಟಿನಿಂದ ಎಲೆಗೆ ಹರಿದು ಅದೇ ಗಿಡದಲ್ಲಿರುವ ಹೆಣ್ಣಿನ ಪಾದ ತಲುಪುತ್ತದೆ. ಗಾಳಿಗೆ ಏನೂ ಗೊತ್ತಾಗುವುದಿಲ್ಲ, ಹಾಡಿಗೆ ಕಿವಿಗೊಟ್ಟ ಬಾವಲಿಗೂ ಕೇಳುವುದಿಲ್ಲ. ದೂರದ ಹೆಣ್ಣನ್ನು ಹತ್ತಿರ ಕರೆಯಲು ನಾಲ್ಕು ಚುಟುಕು ಹಾಡು, ಹತ್ತಿರ ಬಂದ ಮೇಲೆ ನಡುಕದ ಮಾತು. (ನಡುಕವನ್ನು ಪಾದದಿಂದ ಓದುವ ಜೇಡಗಳೂ ಕಾಡಿನಲ್ಲಿವೆ ಎಂಬುದನ್ನು ಇಲ್ಲಿ ಸಣ್ಣಗೆ ಹೇಳಿಬಿಡಬೇಕು.)

ಚಂದ್ರನ ಲೆಕ್ಕವೂ ಇದರಲ್ಲಿ ಸೇರಿಕೊಂಡಿದೆ. ಅದೇ ದ್ವೀಪದಲ್ಲಿ ಲೊಫೊಸ್ಟೊಮಾವನ್ನೂ ಎಲೆಮಿಡತೆಗಳನ್ನೂ ಒಟ್ಟಿಗೆ ಗಮನಿಸಿದ ತಂಡ 2006ರಲ್ಲಿ ವರದಿ ಮಾಡಿದ ಪ್ರಕಾರ ಎರಡೂ ಅಮಾವಾಸ್ಯೆಯ ಆಸುಪಾಸಿನ ಕತ್ತಲಲ್ಲಿ ಚುರುಕು, ಹುಣ್ಣಿಮೆಯ ಬೆಳಕಿನಲ್ಲಿ ಮಂದ. ಬೆಳದಿಂಗಳಲ್ಲಿ ಬಾವಲಿ ಹೊರಬಾರದಿರುವುದು ಗೂಬೆಯ ಭಯಕ್ಕೆ ಎಂದು ಮೊದಲಿನವರು ಊಹಿಸಿದ್ದರು. ಊಟವೇ ಹೊರಗೆ ಬಾರದಿದ್ದರೆ ಉಣ್ಣುವವನು ಬಂದು ಏನು ಮಾಡಬೇಕು ಎಂಬುದು ಈ ತಂಡದ ವಾದ.

ಇನ್ನೊಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಬಾವಲಿಯ ಶ್ರವಣಾತೀತ ಕೂಗನ್ನು ಎಲೆಮಿಡತೆ ಕೇಳಬಲ್ಲದು ತಾನೆ, ಕೇಳಿದ ಕೂಡಲೇ ಹಾಡು ನಿಲ್ಲಿಸಿದರೆ ಸಾಲದೆ? ಕೇಳಬಲ್ಲದು ಎಂಬುದೇನೋ ನಿಜ. ಕೊಲಂಬಿಯಾದ ಗೊರ್ಗೋನಾ ದ್ವೀಪದ ಕೊಪಿಫೊರಾ ಗೊರ್ಗೊನೆನ್ಸಿಸ್‌ನ ಮೊಣಕಾಲು ಕಿವಿಯನ್ನು ಬಿಡಿಸಿ ನೋಡಿದವರಿಗೆ ಅದರಲ್ಲಿ ಕಿವಿದೆರೆ, ಸನ್ನೆಕೋಲಿನಂತೆ ಕೆಲಸ ಮಾಡುವ ಭಾಗ, ಕಂಪನಾಂಕಗಳನ್ನು ಬೇರ್ಪಡಿಸುವ ದ್ರವ ತುಂಬಿದ ಕೋಶ ಕಂಡವು. ನಮ್ಮ ಕಿವಿಯ ಮೂರು ಹಂತದ ಕೆಲಸ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿ ಮುಗಿದಿತ್ತು. ಇದು 2012ರ ಸಂಗತಿ. ಅದೇ ಕೀಟದ ಕಿವಿದೆರೆಯ ಮುಂದಿರುವ ಮಡಿಕೆಗಳು ಬಾವಲಿಯ ಕೂಗಿನಂಥ ಎತ್ತರದ ಶ್ರುತಿಯನ್ನು ಹಿಗ್ಗಿಸಿ ಒಳಕಳಿಸುವ ಆಲಿಕೆಗಳು ಎಂದು 2022ರಲ್ಲಿ ತಿಳಿಯಿತು. ಅಷ್ಟು ಒಳ್ಳೆಯ ಕಿವಿ! ಆದರೂ ಲಾರೆಲ್ ಸೈಮ್ಸ್, ಹ್ಯಾನಾ ಟೆರ್ ಹಾಫ್‌ಸ್ಟೆಡ್ ಮತ್ತು ಸಂಗಡಿಗರು ಪನಾಮಾದಲ್ಲಿ ಪರೀಕ್ಷಿಸಿದಾಗ ಕಾಡಿನ ಬಹುತೇಕ ಎಲೆಮಿಡತೆಗಳು ಬಾವಲಿ ಕೂಗಿಗೆ ಹಾಡು ನಿಲ್ಲಿಸಲೇ ಇಲ್ಲ. ಕಾರಣ ಸರಳ. ಆ ಕಾಡಿನಲ್ಲಿ ರಾತ್ರಿಯಿಡೀ ನಾನಾ ಬಗೆಯ ಬಾವಲಿಗಳು ಕೂಗುತ್ತಲೇ ಇರುತ್ತವೆ. ಅವುಗಳಲ್ಲಿ ಹೆಚ್ಚಿನವು ಎಲೆಮಿಡತೆಯ ಗೊಡವೆಗೆ ಬರುವವಲ್ಲ, ಯಾರ ಕೂಗು ಯಾರದ್ದೆಂದು ಬೇರ್ಪಡಿಸುವುದೂ ಸುಲಭವಲ್ಲ. ಪ್ರತಿ ಕೂಗಿಗೂ ಬೆದರಿ ಸುಮ್ಮನಾದರೆ ಜನ್ಮದಲ್ಲಿ ಹಾಡಲಾಗುವುದಿಲ್ಲ. ಆದ್ದರಿಂದ ಅಪಾಯ ಬಂದಾಗ ನಿಲ್ಲಿಸುವ ಬದಲು ಯಾವಾಗಲೂ ಕಡಿಮೆ ಹಾಡುವುದನ್ನೇ ಅವು ರೂಢಿ ಮಾಡಿಕೊಂಡಿವೆ. ನನಗೆ ಈ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ತೀರ್ಮಾನ ಇದು. ಮಾಹಿತಿ ಅತಿಯಾದಾಗ ಎಚ್ಚರವೂ ನಿರುಪಯೋಗಿ ಎಂಬುದು ಒಂದು ಕೀಟಕ್ಕೂ ಅನ್ವಯಿಸುತ್ತದೆಂದು ಯಾರು ಯೋಚಿಸಿದ್ದರು!

ಶ್ರುತಿಯನ್ನೇ ಬಾವಲಿಯ ಕಿವಿಗೆ ನಿಲುಕದಷ್ಟು ಏರಿಸಿದರೆ ಹೇಗೆ? ಕೊಲಂಬಿಯಾ ಮತ್ತು ಎಕ್ವಡಾರ್‌ನ ಮಳೆಕಾಡಿನಲ್ಲಿ ಸಿಕ್ಕಿ 2014ರಲ್ಲಿ ಪರಿಚಯವಾದ ಸೂಪರ್‌ಸೋನಸ್ ಕುಲದ ಒಂದು ಪ್ರಭೇದ 150 ಕಿಲೋಹರ್ಟ್ಸ್‌ನಲ್ಲಿ ಹಾಡುತ್ತದೆ. ಮನುಷ್ಯರ ಕಿವಿ 20 ಕಿಲೋಹರ್ಟ್ಸ್‌ಗೆ ಸೋಲುತ್ತದೆ. ಅಷ್ಟೆತ್ತರದ ದನಿ ಒದ್ದೆ ಗಾಳಿಯಲ್ಲಿ ಸ್ವಲ್ಪ ದೂರಕ್ಕೇ ಸತ್ತುಹೋಗುವುದರಿಂದ ಕದ್ದು ಕೇಳುವವರು ಕಡಿಮೆಯಾಗುತ್ತಾರೆ ಎಂಬ ಲೆಕ್ಕಾಚಾರ ಆಕರ್ಷಕವೇ. ಆದರೆ ಅದೇ ಕಾರಣಕ್ಕೆ ಕೇಳುವ ಹೆಣ್ಣುಗಳೂ ಕಡಿಮೆಯಾಗುತ್ತವಲ್ಲ? ಎಲ್ಲ ವಿಚಿತ್ರಗಳನ್ನೂ ಬಾವಲಿಯ ತಲೆಗೆ ಕಟ್ಟುವ ಉತ್ಸಾಹಕ್ಕೆ ಸ್ವಲ್ಪ ಕಡಿವಾಣ ಒಳ್ಳೆಯದು.

ಸರಿ, ಹಾಡಲೇ ಇಲ್ಲ, ಅಲುಗಲೂ ಇಲ್ಲ, ಎಲೆಯ ಮೇಲೆ ಕಲ್ಲಿನಂತೆ ಕೂತಿದ್ದಾಯಿತು. ಈಗಲಾದರೂ ಕ್ಷೇಮವೆ? ಮೈಕ್ರೊನಿಕ್ಟೆರಿಸ್ ಮೈಕ್ರೊಟಿಸ್ ಎಂಬ ಏಳು ಗ್ರಾಂ ಕೂಡ ತೂಗದ ಬಾವಲಿ ಇಲ್ಲ ಎನ್ನುತ್ತದೆ. ಎಲೆಯ ಮೇಲೆ ಸುಮ್ಮನೆ ಕೂತ ಕೀಟವನ್ನು ಬಾವಲಿ ಕೂಗಿನ ಪ್ರತಿಧ್ವನಿಯಿಂದ ಕಂಡುಹಿಡಿಯಲಾರದು, ಎಲೆಯ ಪ್ರತಿಧ್ವನಿಯಲ್ಲೇ ಅದು ಮುಚ್ಚಿಹೋಗುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಇಂಗಾ ಗೈಪೆಲ್ ಮತ್ತು ಸಂಗಡಿಗರು ಈ ನಂಬಿಕೆಯನ್ನು ಬುಡಮೇಲು ಮಾಡಿದರು. 2019ರ ಅವರ ಅಧ್ಯಯನದ ಪ್ರಕಾರ ಗುಟ್ಟಿರುವುದು ಕೋನದಲ್ಲಿ. ಎಲೆಗೆ ನೇರ ಎದುರು ನಿಂತು ಕೂಗಿದರೆ ಎಲೆಯ ಪ್ರತಿಧ್ವನಿ ಬಲವಾಗಿ ಮರಳಿ ಕೀಟವನ್ನು ಮುಳುಗಿಸಿಬಿಡುತ್ತದೆ. ಓರೆಯಿಂದ ಕೂಗಿದರೆ ನುಣುಪಾದ ಎಲೆ ಕನ್ನಡಿಯ ಹಾಗೆ ಸದ್ದನ್ನು ಅತ್ತ ಕಡೆ ಎಸೆದುಬಿಡುತ್ತದೆ; ಮರಳಿ ಬರುವುದು ಎಲೆಯ ಮೇಲಿರುವ ಉಬ್ಬುತಗ್ಗಿನ ಕೀಟದ ಪ್ರತಿಧ್ವನಿ ಮಾತ್ರ. ಈ ಬಾವಲಿ ಪ್ರತಿ ಎಲೆಯನ್ನೂ ಓರೆಯಿಂದಲೇ ಸಮೀಪಿಸುತ್ತದೆ. ಹಗಲಿಗೆ ಎಷ್ಟು ಕುಸುರಿ ಮಾಡಿದ ವೇಷವಾದರೂ ಅಷ್ಟೇ, ಈ ಕಿವಿಗೆ ಅದು ನುಣುಪು ಎಲೆಯ ಮೇಲೆ ಕೂತ ಗಂಟು.

ಹಾಡುವವನಿಗೆ ಅಪಾಯ, ಸುಮ್ಮನಿರುವವನಿಗೆ ಸುಖ ಎಂಬ ಸರಳ ಸೂತ್ರಕ್ಕೆ ಇನ್ನೂ ಜೋರಾದ ಏಟು ಬಿದ್ದದ್ದು ನಮ್ಮ ಪಶ್ಚಿಮಘಟ್ಟದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಅವರ ವಿದ್ಯಾರ್ಥಿಗಳು ಕುದುರೆಮುಖ ಸೀಮೆಯ ರಾತ್ರಿಗಳನ್ನು ವರ್ಷಗಟ್ಟಲೆ ಕೇಳುತ್ತ ಬಂದವರು. ದಕ್ಷಿಣ ಭಾರತದ ಮೆಕೊಪೊಡಾ ಎಂಬ ಎಲೆಮಿಡತೆಗಳು ನೋಡಲು ಒಂದೇ, ಹಾಡು ಕೇಳಿದರೆ ಐದು ಬಗೆ ಎಂದು ತೋರಿಸಿಕೊಟ್ಟ ಪ್ರಯೋಗಾಲಯ ಅದು. ಒಂದು ಬಗೆಗೆ ‘ಹೆಲಿಕಾಪ್ಟರ್’ ಎಂದೂ ಇನ್ನೊಂದಕ್ಕೆ ‘ಟ್ರೇನ್’ ಎಂದೂ ಹೆಸರಿಟ್ಟಿದ್ದಾರೆ. ಆ ಸೀಮೆಯ ಬೇಟೆಗಾರ ಮೆಗಾಡರ್ಮಾ ಸ್ಪಾಸ್ಮಾ. ಹಣೆಯ ಮೇಲೆ ಒಂದಕ್ಕೊಂದು ಕೂಡಿಕೊಂಡ ಭಾರಿ ಕಿವಿಗಳ ಈ ಬಾವಲಿಗೆ ಇಂಗ್ಲಿಷಿನಲ್ಲಿ ಹುಸಿ ರಕ್ತಪಿಪಾಸು ಎಂಬರ್ಥದ ಹೆಸರಿದೆ, ರಕ್ತವನ್ನೇನೂ ಕುಡಿಯುವುದಿಲ್ಲ. ಹಳೆಯ ಕಟ್ಟಡ, ಗವಿಗಳಲ್ಲಿ ನೇತಾಡುತ್ತದೆ. ಹಿಡಿದದ್ದನ್ನು ಅಲ್ಲಿಗೇ ತಂದು ತಿನ್ನುವುದು, ರೆಕ್ಕೆ ಕಾಲುಗಳನ್ನು ಕೆಳಗೆ ಉದುರಿಸುವುದು ಇದರ ಅಭ್ಯಾಸ.

ಸಂಶೋಧಕರು ಆ ಉದುರಿದ ರೆಕ್ಕೆಗಳನ್ನು ಹೆಕ್ಕಿ ಗುರುತಿಸಿದರು. ಗಂಡಿನ ರೆಕ್ಕೆಯ ಬುಡದಲ್ಲಿ ಹಾಡುವ ಸಲಕರಣೆ ಇರುವುದರಿಂದ ಗಂಡು ಹೆಣ್ಣು ಬೇರ್ಪಡಿಸುವುದು ಕಷ್ಟವಲ್ಲ. ಊಟದಲ್ಲಿ ದೊಡ್ಡ ಪಾಲು ಎಲೆಮಿಡತೆಗಳದ್ದು ಎಂಬುದು ನಿರೀಕ್ಷಿತ. ನಿರೀಕ್ಷೆ ಮೀರಿದ್ದು ಏನೆಂದರೆ ಹಾಡುವ ಗಂಡುಗಳಿಗಿಂತ ಹಾಡದ ಹೆಣ್ಣುಗಳ ರೆಕ್ಕೆಯೇ ಅಲ್ಲಿ ಹೆಚ್ಚಾಗಿತ್ತು. ಅನುಮಾನ ಪರಿಹಾರಕ್ಕೆ ಓನೊಮಾರ್ಕಸ್ ಯೂನಿನೊಟೇಟಸ್ ಎಂಬ ಎಲೆಮಿಡತೆಯನ್ನು ಬಳಸಿ ದೊಡ್ಡ ಬಯಲು ಪಂಜರದಲ್ಲಿ ಬಾವಲಿಯ ಮುಂದೆ ಹಾಡುವ ಗಂಡನ್ನೂ ಹಾರುವ ಹೆಣ್ಣನ್ನೂ ಇಟ್ಟು ನೋಡಿದರು. ಅಲ್ಲೂ ಹಾರುವ ಹೆಣ್ಣಿಗೇ ಹೆಚ್ಚಿನ ಆಪತ್ತು. 2015ರಲ್ಲಿ ಬಂದ ಈ ವರದಿ ಹಳೆಯ ಚಿತ್ರವನ್ನು ತಿರುಗಿಸಿಬಿಟ್ಟಿತು. ಗಂಡು ಒಂದೆಡೆ ಕೂತು ಹಾಡಿ ಎಲೆಗಳ ನಡುವೆ ಮರೆಯಾಗಬಹುದು. ಆ ಹಾಡಿಗೆ ಓಗೊಟ್ಟು ಬಯಲು ಗಾಳಿಯನ್ನು ದಾಟಬೇಕಾದವಳು ಹೆಣ್ಣು. ಹಾರುವ ರೆಕ್ಕೆಯನ್ನು ಅಂಥ ಕಿವಿಯಿಂದ ಮರೆಮಾಚುವ ವೇಷ ಇಲ್ಲ.

ಓನೊಮಾರ್ಕಸ್ ಬಗ್ಗೆ ಅದೇ ಪ್ರಯೋಗಾಲಯದಿಂದ ಅದೇ ವರ್ಷ ಬಂದ ಇನ್ನೊಂದು ಅಧ್ಯಯನವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಹಲಸಿನ ಮರಗಳ ಮೇಲ್ಛಾವಣಿಯಲ್ಲಿ ವಾಸಿಸುವ ಈ ಕೀಟದ ಹಾಡು ಎಲೆಮಿಡತೆಗಳ ಮಟ್ಟಿಗೆ ತೀರ ಮಂದ್ರ, ಸಿಳ್ಳೆಯಂತಿರುತ್ತದೆ. ಗಂಡು ಸಿಳ್ಳೆ ಹಾಕಿದರೆ ಹೆಣ್ಣು ಕೂಡಲೇ ಹಾರಿ ಬರುವುದಿಲ್ಲ. ಕೂತಲ್ಲೇ ಪ್ರತಿ ಸಿಳ್ಳೆಗೂ ಒಮ್ಮೆ ಮೈ ಅದುರಿಸುತ್ತದೆ. ಸಿಳ್ಳೆ, ನಡುಕ, ಸಿಳ್ಳೆ, ನಡುಕ. ಲೇಸರ್ ಉಪಕರಣದಿಂದ ಅಳೆದಾಗ ಈ ಸರದಿ ಒಂದಿಷ್ಟೂ ತಪ್ಪದೆ ನಡೆಯುತ್ತಿತ್ತು. ತನ್ನ ಹಾಡು ಮತ್ತು ಅದಕ್ಕೆ ಉತ್ತರವಾಗಿ ಬರುವ ನಡುಕ ಎರಡೂ ಸಿಕ್ಕಿದಾಗ ಮಾತ್ರ ಗಂಡು ಹೆಣ್ಣಿರುವ ಜಾಗವನ್ನು ಹುಡುಕಿಕೊಳ್ಳಬಲ್ಲದು, ನಡುಕವೊಂದೇ ಆದರೆ ಆಗದು. ಗಾಳಿಯಲ್ಲಿ ಸಾಗುವ ಸದ್ದಿಗೆ ಕೊಂಬೆಯಲ್ಲಿ ಸಾಗುವ ಕಂಪನ ಉತ್ತರ ಕೊಡುವ ಇಂಥ ಜುಗಲ್‌ಬಂದಿ ಪ್ರಾಣಿಲೋಕದಲ್ಲಿ ವರದಿಯಾದದ್ದು ಅದೇ ಮೊದಲು.

ಹುಡುಕುವ ಹೆಣ್ಣಿಗೆ ಬಾವಲಿಯಿಂದ ಹೆಚ್ಚಿನ ಅಪಾಯ ಇದ್ದದ್ದರಿಂದಲೇ ಹುಡುಕುವ ಕೆಲಸದ ಒಂದು ಭಾಗ ಗಂಡಿನ ಪಾಲಿಗೆ ಬಂದಿರಬೇಕು ಎಂದು ಸಂಶೋಧಕರು ಊಹಿಸುತ್ತಾರೆ. ಊಹೆ ಒಪ್ಪುವಂಥದ್ದೇ. ಆದರೆ ಕೊಂಬೆಯ ಕಂಪನ ಒಂದು ಮರದಿಂದ ಅದಕ್ಕೆ ತಾಗದ ಇನ್ನೊಂದು ಮರಕ್ಕೆ ಜಿಗಿಯುವುದಿಲ್ಲ. ಎರಡು ಹಲಸಿನ ಮರಗಳ ನಡುವೆ ಹತ್ತು ಮಾರು ಬರಿ ಗಾಳಿಯಿದ್ದರೆ ಜುಗಲ್‌ಬಂದಿ ಶುರುವಾಗುವ ಮೊದಲು ಇಬ್ಬರಲ್ಲಿ ಒಬ್ಬರು ಅದನ್ನು ಹಾರಿ ದಾಟಲೇಬೇಕು.